ಮೂಲೆಯ ಮೂರು ಮನೆ

೭ ಡಿಸೆಂಬರ್ ೧೯೪೧, ರವಿವಾರ, ಸಂಜೆ

ಎಂದಿನಂತೆ ಮೊರಿತಾ ಹತ್ತರ ಗಾಡಿಗೆ ಹುಬ್ಬಳ್ಳಿಯಿಂದ ಬಂದರು. ಜಪಾನಿ ಕಂಪನಿಗೆ ಅರಳೆ ಖರೀದಿಸುವ ಮನುಷ್ಯ. ಆರು ವರ್ಷದಿಂದ ರವಿವಾರದ ಊಟ ನಮ್ಮಲ್ಲೇ. ಊಟ, ಎಲೆ ಅಡಿಕೆ, ಆಮೇಲೆ ಅವರ ದೇಶದ ಗೋ ಆಟ. ಹಲಗೆ ನಮ್ಮ ಪಡಸಾಲೆಯಲ್ಲೇ ಇರುತ್ತದೆ. ಕಪ್ಪು ಕಾಯಿ ನನ್ನವು, ಬಿಳಿ ಅವರವು.

ಮತ್ತೆ ಮೂಲೆಯಲ್ಲಿ ಸಿಕ್ಕಿಬಿದ್ದೆ. ಸುತ್ತುವರಿದ ಕಾಯಿಗಳು ಬದುಕಬೇಕಾದರೆ ಒಳಗೆ ಎರಡು ಖಾಲಿ ಮನೆ ಬೇಕು — ಬೇರೆ ಬೇರೆ. ನನಗಿರುವುದು ಸಾಲಾಗಿ ಮೂರು. ನಡುವಿನದರಲ್ಲಿ ನಾನು ಕಾಯಿ ಇಟ್ಟರೆ ಆಚೆ ಒಂದು, ಈಚೆ ಒಂದು ಉಳಿದು ಬದುಕು. ಅವರು ಇಟ್ಟರೆ ಸಾವು. ನಾನೋ ಇನ್ನಷ್ಟು ಜಾಗದ ಆಸೆಗೆ ಬೇರೆಡೆ ಇಟ್ಟೆ.

"ಮಾಸ್ತರ, ಮೂಲಿ ದೊಡ್ಡದಿದ್ರ ಛಲೋ ಅಂತಲ್ರಿ. ಜೀವ ಇದ್ರ ಛಲೋ" ಎಂದರು ಮೊರಿತಾ, ನಮ್ಮ ಸೀಮೆಯ ಕನ್ನಡದಲ್ಲೇ.

ಅಷ್ಟರಲ್ಲಿ ಗಾಡಿಯ ವೇಳೆ. "ಸರದಿ ನಂದು. ಮುಂದಿನ ರವಿವಾರ ಇಡತೇನಿ. ಕಾಯಿ ಸರಸಬ್ಯಾಡ್ರಿ ಮತ್ತ" ಎಂದು ನಕ್ಕು ಹೋದರು.

೧೧ ಡಿಸೆಂಬರ್

ಜಪಾನಿನ ಮೇಲೆ ಯುದ್ಧ. ಮೊರಿತಾರನ್ನು ಸೋಮವಾರವೇ ಪೊಲೀಸರು ಒಯ್ದರಂತೆ. ಶತ್ರುವಂತೆ. ಅರಳೆ ಹಿಂಜಿ ಎಳೆಯ ಉದ್ದ ನೋಡುವುದಷ್ಟೇ ಗೊತ್ತಿದ್ದ ಮನುಷ್ಯ. ಹಿಂದಿನ ಯುದ್ಧದಲ್ಲಿ ನಮಗೆ ಗಣಿತ ಕಲಿಸುತ್ತಿದ್ದ ಜರ್ಮನ್ ಪಾದ್ರಿಯನ್ನೂ ಹೀಗೇ ಒಯ್ದರು. ಅವರು ಮರೆತ ಕೊಡೆ ಇನ್ನೂ ನನ್ನ ಅಟ್ಟದಲ್ಲಿದೆ. ಈ ಸರಕಾರಕ್ಕೆ ಮನುಷ್ಯರನ್ನು ಒಯ್ಯುವುದು ಗೊತ್ತು, ತಂದುಬಿಡುವುದು ಗೊತ್ತಿಲ್ಲ.

೨ ಮಾರ್ಚ್ ೧೯೪೨

ಹಲಗೆ ಹಾಗೇ ಇದೆ. ನಮ್ಮಾಕೆ ದಿನಾ ನವಿಲುಗರಿಯಿಂದ ಸಂದಿಯ ಧೂಳು ಮಾತ್ರ ತೆಗೆಯುತ್ತಾಳೆ. ಒಂದು ಕಾಯಿಯೂ ಅಲುಗಿಲ್ಲ.

ಪಕ್ಕದ ಮನೆಯ ಯಜ್ಞೇಶ್ವರ ಇಣುಕಿದ. "ಏನ್ರಿ ಮಾಸ್ತರ, ವೈರಿ ಹಲಗಿಗೆ ಪೂಜಾ ನಡದದೇನು?"

"ನಿಮ್ಮ ಮೈಮ್ಯಾಲಿನ ಅಂಗಿ ಜಪಾನಿ ಬಟ್ಟೀದು. ಮೊದ್ಲ ಅದನ್ನ ಬಿಚ್ಚ್ರಿ" ಎಂದೆ. ಹೋದ.

೧೦ ಜೂನ್

ಮೊರಿತಾರ ಕಾರ್ಡು ಬಂತು. ಉತ್ತರದ ಯಾವುದೋ ಕ್ಯಾಂಪಿನಿಂದ, ಇಂಗ್ಲಿಷಿನಲ್ಲಿ. ಆರೋಗ್ಯ ನೆಟ್ಟಗಿದೆ. ಜೋಳದ ರೊಟ್ಟಿ ನೆನಪಾಗುತ್ತದೆ. 'ನನ್ನ ಸರದಿ ಉಳಿದಿತ್ತಲ್ಲ. ದಯವಿಟ್ಟು ನನ್ನ ಕಾಯಿ ಇಲ್ಲಿಡಿ —' ಮುಂದಿನದೆಲ್ಲ ಮಸಿ. ಸೆನ್ಸಾರಿನವ ಬಳಿದಿದ್ದಾನೆ. ಹಲಗೆಯ ಮನೆಯನ್ನು ಗೆರೆಗಳ ಅಂಕಿಯಿಂದ ಹೇಳಿದ್ದಿರಬೇಕು; ಅದನ್ನು ಕಂಡು ಗುಪ್ತ ಸಂಕೇತ ಎಂದುಕೊಂಡ, ಮುಠ್ಠಾಳ. ಬಿಸಿಲಿಗೆ ಹಿಡಿದೆ. ಭೂತಗನ್ನಡಿ ಹಿಡಿದೆ. ಏನೂ ಕಾಣಲಿಲ್ಲ.

೧೧ ಜೂನ್

ನಮ್ಮಾಕೆಯ ವಾದ: "ಬ್ಯಾರೆ ಎಲ್ಲೆರ ಇಟ್ಟಿರತಾರ. ನಮ್ಮನ್ಯಾಗ ಉಂಡವರು ನಮ್ಮ ಮೂಲಿ ಯಾಕ ಕೆಡಸ್ಯಾರ್ರೀ?"

"ಆರು ವರ್ಷದಾಗ ಒಮ್ಮೆರೆ ಬಿಟ್ಟುಕೊಟ್ಟಾರೇನು?"

"ಇಲ್ಲ."

"ಮತ್ತ?"

"ಆಗ ಅವರು ಮುಂದಿನ ರವಿವಾರ ಬರವರಿದ್ರು."



೧೪ ಜೂನ್, ರವಿವಾರ, ಸಂಜೆ

ಅವರ ಕಾಯಿ ಬೇರೆಡೆ ಇಟ್ಟರೆ ನನ್ನ ಮೂಲೆ ಉಳಿಯುತ್ತದೆ. ಆದರೆ ಆಗ ಎದುರಿಗೆ ಕೂತವರು ಮೊರಿತಾ ಅಲ್ಲ, ನನ್ನ ಮೇಲೆ ಕನಿಕರಪಡುವ ಇನ್ಯಾರೋ. ಬಿಳಿ ಕಾಯಿ ತೆಗೆದುಕೊಂಡೆ. ಅವರಂತೆಯೇ ಎರಡು ಬೆರಳ ತುದಿಯಲ್ಲಿ ಹಿಡಿದು ನಡುವಿನ ಮನೆಯಲ್ಲಿ ಟಕ್ಕನೆ ಇಟ್ಟೆ.

ಸಪ್ಪಳ ಕೇಳಿ ಒಳಗಿನಿಂದ ನಮ್ಮಾಕೆ "ಬಂದ್ರೇನು?" ಎಂದಳು.

ಮೂಲೆ ಸತ್ತಿತು. ಆರು ತಿಂಗಳ ಮೇಲೆ ಸರದಿ ನನ್ನದು. ಅಂಕಿ ಬರೆದರೆ ಮತ್ತೆ ಮಸಿ ಬಳಿಯುತ್ತಾರೆ. ಕಾರ್ಡಿಗೆ ಮೊದಲು ಇಲ್ಲೇ ಬರೆದು ನೋಡುತ್ತೇನೆ: 'ಮೊರಿತಾ ಅವರೆ, ನಿಮ್ಮ ಕಾಯಿ ಇಟ್ಟಿದ್ದೇನೆ. ಎಂದಿನಂತೆ ಮೂಲೆ ಸೋತೆ. ಈಗ ನಾನು ಇಡುವುದು ನೀವು ಕೂರುತ್ತಿದ್ದ ಬದಿಗೆ, ಬಾಗಿಲಿಗೆ ಹತ್ತಿರದ ಮನೆಯಲ್ಲಿ. ಇನ್ನು ಸರದಿ ನಿಮ್ಮದು.'