ಹಾಡನ್ನು ನಾಶಪಡಿಸುವ ಕ್ರಮ

ಬೆಳವಲಕೋಟೆ, ೨೧೬೯ನೆಯ ಇಸವಿ, ಹದಿಮೂರನೆಯ ತಿಂಗಳ ಒಂಬತ್ತು. ಮಧ್ಯಾಹ್ನ ಮೂರು ಗಂಟೆ. ಮುದ್ದೇಮಾಲು ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ೨೦೧೦ರ ಒಂದು ಮೊಕದ್ದಮೆಯ ಪೆಟ್ಟಿಗೆ ಮುಂದಿದೆ.

ಮಾನ್ಯ ದ್ರಾಕ್ಷಾಯಣಿ ಹೂಗಾರ ಅವರಿಗೆ,

ನಿಮ್ಮ ವರ್ಷಕ್ಕೆ ಹನ್ನೆರಡೇ ತಿಂಗಳು ಇದ್ದವೆಂದು ಬಲ್ಲೆ. ನಮ್ಮಲ್ಲಿ ಪ್ರತಿ ತಿಂಗಳಿಗೂ ಇಪ್ಪತ್ತೆಂಟೇ ದಿನ, ಹಾಗಾಗಿ ಹದಿಮೂರು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಪುಸ್ತಕಗಳಿಂದ, ಹೆಚ್ಚಾಗಿ ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳಿಂದ. ಎಲ್ಲಾದರೂ ಮಾತು ಬಿಗಿಯಾಗಿ ಕೇಳಿಸಿದರೆ ಕ್ಷಮಿಸಬೇಕು. ನನ್ನ ಹೆಸರು ಗಂಗಾಂಬಿಕಾ ನದಾಫ. ಮೊಕದ್ದಮೆಗಳಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು ಇಡುವ ಈ ಕೋಣೆಗೆ ನಾನು ಅಧಿಕಾರಿ. ನಾನು ಬರೆಯುತ್ತಿರುವುದು ಹಿಂದೋಲೆ. ಯಾವುದೇ ವಸ್ತುವನ್ನು ವಿಲೇವಾರಿ ಮಾಡುವ ಮೊದಲು, ಅದನ್ನು ಯಾರಿಂದ ವಶಪಡಿಸಿಕೊಂಡರೋ ಅವರಿಗೆ ಪತ್ರ ಬರೆದು ತಿಳಿಸಬೇಕು, ಅವರು ತೀರಿಹೋಗಿ ನೂರು ವರ್ಷವಾಗಿದ್ದರೂ ಸರಿ. ಇದು ನಮ್ಮ ನಿಯಮ. ಸಾಮಾನ್ಯವಾಗಿ ಹಿಂದೋಲೆ ಮೂರು ಸಾಲಿನದು. ಇಂದು ಮೂರು ಸಾಲಿಗೆ ನಿಲ್ಲಿಸಲು ನನ್ನಿಂದ ಆಗುತ್ತಿಲ್ಲ.

ನಿಮ್ಮ ಪೆಟ್ಟಿಗೆಯಲ್ಲಿ ಹದಿನಾಲ್ಕು ಸಿ.ಡಿ.ಗಳಿವೆ. ಬಿಳಿ ಬಟ್ಟೆಯಲ್ಲಿ ಹೊಲಿದು ಅರಗಿನ ಮುದ್ರೆ ಒತ್ತಿದ್ದಾರೆ. ಮೊಹರಂ ದಿನಗಳಲ್ಲಿ ಇಮಾಮಸಾಬ ವಾಲೀಕಾರರ ಮೇಳ ಹಾಡುತ್ತಿದ್ದ ರಿವಾಯತ್ ಪದಗಳು, ಕರ್ಬಲಾದ ಕಥೆ ಹೇಳುವ ಹಾಡುಗಳು, ಅವುಗಳಲ್ಲಿವೆ. ಗುರುಶಾಂತಪ್ಪ ಅಂಗಡಿಯವರ ಕಂಪನಿ ಅವುಗಳನ್ನು ಕ್ಯಾಸೆಟ್ ಮಾಡಿತ್ತು. ಟೈಪಿಂಗ್ ಸೆಂಟರ್ ನಡೆಸುತ್ತಿದ್ದ ನೀವು ಆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿ, ಈ ಸಿ.ಡಿ.ಗಳನ್ನು ಮಾಡಿಕೊಂಡು, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಅಂತರ್ಜಾಲದಲ್ಲಿ ಇಟ್ಟಿರಿ. ಗುರುಶಾಂತಪ್ಪನವರು ದಾವೆ ಹೂಡಿದರು. ನಿಮ್ಮಿಬ್ಬರ ಹೇಳಿಕೆಗಳನ್ನು ಬರೆದುಕೊಂಡವನು ಪುಣ್ಯಾತ್ಮ, ಆಡಿದ ಮಾತನ್ನು ಆಡಿದ ಹಾಗೆಯೇ ಬರೆದಿದ್ದಾನೆ.

"ಹಾಡು ನಿಮ್ಮವೇನ್ರಿ?" ಎಂದು ಅವರ ವಕೀಲರು ಕೇಳುತ್ತಾರೆ.

"ನನ್ನವಲ್ರೀ. ಅಂಗಡಿಯವರವೂ ಅಲ್ರೀ. ಇಮಾಮಸಾಬ ಕಾಕಾನವ್ರೀ."

"ಮತ್ತ ಯಾರ ಅಪ್ಪಣಿ ತಗೊಂಡು ಹಂಚಿದ್ರಿ?"

"ಕಾಕಾ ಹಾಡೂವಾಗ ಇಡೀ ಓಣಿ ಕೂತು ಕೇಳ್ತಿತ್ರೀ. ಆವಾಗ ಯಾರೂ ಅಪ್ಪಣಿ ಕೇಳಿರಲಿಲ್ರೀ."

ಅಲ್ಲಿ ಗುರುಶಾಂತಪ್ಪನವರು ಎದ್ದು ನಿಂತರೆಂದು ದಾಖಲೆ ಹೇಳುತ್ತದೆ. "ಓಣ್ಯಾಗ ಕೂತು ಕೇಳವ್ವಾ, ಯಾರು ಬ್ಯಾಡ ಅಂದ್ರು? ಆ ಮೇಳ ಕರಕೊಂಡು ಹುಬ್ಬಳ್ಳಿ ಸ್ಟುಡಿಯೋದಾಗ ನಾಲ್ಕು ದಿನ ಕುಂತಾಂವ ನಾನು. ನಾ ರೆಕಾರ್ಡ್ ಮಾಡದಿದ್ರ ನಿನ್ನ ಕಂಪ್ಯೂಟರಿನ್ಯಾಗ ಏನು ಹಾಕ್ತಿದ್ದಿ, ನಿನ್ನ ಕೆಮ್ಮೇನು?" ಕೋರ್ಟಿನಲ್ಲಿದ್ದವರೆಲ್ಲ ನಕ್ಕರಂತೆ. ಈ ಭಾಗವನ್ನು ನಾನು ಹಲವು ಸಲ ಓದಿದೆ. ಅವರ ಪ್ರಶ್ನೆಗೆ ನೀವು ಉತ್ತರ ಕೊಟ್ಟಿಲ್ಲ. ನಿಮ್ಮ ಮಾತಿಗೆ ಅವರೂ ಕೊಟ್ಟಿಲ್ಲ. ನ್ಯಾಯಾಲಯ ನೀವು ಕ್ಷಮಾಪಣೆ ಬರೆದುಕೊಡಬೇಕು, ಪ್ರತಿಗಳನ್ನು ನಾಶಪಡಿಸಬೇಕು ಎಂದಿತು. ನೀವು ಬರೆದುಕೊಟ್ಟಿರಿ.

ಪ್ರತಿಗಳು ಮಾತ್ರ ನಾಶವಾಗಲಿಲ್ಲ. ಆ ಕೆಲಸ ಕಟಗೇರಿ ಎಂಬ ಗುಮಾಸ್ತರ ಪಾಲಿಗೆ ಬಂದಿತ್ತು. ಅವರು ಮೇಲಿನ ಕಚೇರಿಗೆ ಬರೆದ ಪತ್ರದ ನಕಲು ಇಲ್ಲಿದೆ: "ವಶಪಡಿಸಿಕೊಂಡ ಸಾರಾಯಿಯನ್ನು ಪಂಚರ ಸಮಕ್ಷಮ ಚೆಲ್ಲುತ್ತೇವೆ. ಗಾಂಜಾ ಸುಡುತ್ತೇವೆ. ಹಾಡುಗಳನ್ನು ನಾಶಪಡಿಸುವ ಕ್ರಮ ಯಾವುದೆಂದು ತಿಳಿಸಬೇಕಾಗಿ ವಿನಂತಿ. ಸಿ.ಡಿ. ಮುರಿದರೆ ಸಾಕೋ, ಕೇಳಿದವರ ಬಗ್ಗೆಯೂ ಕ್ರಮ ಜರುಗಿಸಬೇಕೋ? ಈ ಕಚೇರಿಯ ಜವಾನ ಒಂದು ಪದವನ್ನು ಈಗಾಗಲೇ ಗುನುಗುತ್ತಿದ್ದಾನೆ." ಉತ್ತರ ಬರಲಿಲ್ಲ. ಕಡತದ ಮೇಲೆ 'ಸ್ಪಷ್ಟನೆ ನಿರೀಕ್ಷಿಸಲಾಗಿದೆ' ಎಂದು ಬರೆದು ಪೆಟ್ಟಿಗೆಯನ್ನು ಒಳಗಿಟ್ಟರು. ಅವರ ನಂತರ ಬಂದ ಅಧಿಕಾರಿಗಳೆಲ್ಲ ಆ ಸಾಲನ್ನು ಓದಿ, ನಿರೀಕ್ಷಿಸಿದರು. ನೂರ ಐವತ್ತೊಂಬತ್ತು ವರ್ಷ!

ಈ ಪೆಟ್ಟಿಗೆ ಉಳಿದದ್ದಕ್ಕೆ ನನಗೇಕೆ ಇಷ್ಟು ಸಂಭ್ರಮವೆಂದು ನಿಮಗೆ ಅರ್ಥವಾಗಬೇಕಾದರೆ ನಮ್ಮ ದಿನಗಳ ಬಗ್ಗೆ ಹೇಳಬೇಕು. ನಾವೆಲ್ಲ ಕೊರಳುಪಟ್ಟಿ ಧರಿಸುತ್ತೇವೆ. ಅದು ನಾಡಿ ನೋಡಿ, ನಡಿಗೆ ನೋಡಿ, ಧರಿಸಿದವರಿಗಷ್ಟೇ ಕೇಳುವಂತೆ ಆ ಕ್ಷಣಕ್ಕೊಂದು ಹಾಡು ಕಟ್ಟುತ್ತದೆ. ಅಡುಗೆ ಮಾಡುವಾಗ ಒಂದು, ಬಸ್ಸಿಗೆ ಕಾಯುವಾಗ ಒಂದು. ಮುಗಿದ ಮೇಲೆ ಅದು ಮತ್ತೆ ಬರುವುದಿಲ್ಲ. ಮದುವೆ ಮಂಟಪದಲ್ಲಿ ಇನ್ನೂರು ಜನ ಇನ್ನೂರು ಹಾಡು ಕೇಳುತ್ತ ಊಟಕ್ಕೆ ಕೂರುತ್ತಾರೆ. ಹಾಡು ಹಂಚಿದ್ದಕ್ಕೆ ಈಗ ಯಾರೂ ದಾವೆ ಹೂಡುವುದಿಲ್ಲ, ಏಕೆಂದರೆ ಹಂಚಲು ಯಾರ ಬಳಿಯೂ ಏನಿಲ್ಲ. ಹಳೆಯ ಧ್ವನಿಗಳಿದ್ದ ಭಂಡಾರಗಳು ನನ್ನ ಅಜ್ಜಿಯ ಕಾಲದಲ್ಲಿ ಒಂದೊಂದಾಗಿ ಮುಚ್ಚಿದವು. ಎಲ್ಲವೂ ಅಲ್ಲೇ ಇದೆಯಲ್ಲ ಎಂದುಕೊಂಡು ಯಾರೂ ಮನೆಯಲ್ಲಿ ಪ್ರತಿ ಇಟ್ಟುಕೊಂಡಿರಲಿಲ್ಲ.

ಕಳೆದ ಮಂಗಳವಾರ, ವಿಲೇವಾರಿಗೆ ಮೊದಲು ಮಾಡಬೇಕಾದ ಪರೀಕ್ಷೆಗಾಗಿ, ತಡವುಗನ್ನಡಿಯನ್ನು ಬಟ್ಟೆಯ ಮೇಲೆ ಇಟ್ಟೆ. ಮುದ್ರೆ ಒಡೆಯದೆಯೇ ಒಳಗಿನ ಗುರುತುಗಳನ್ನು ಓದುವ ಯಂತ್ರ ಅದು. ಹದಿನಾಲ್ಕರಲ್ಲಿ ಹನ್ನೊಂದು ಸಿ.ಡಿ. ಜೀವಂತ ಎಂದು ತೋರಿಸಿತು. ಮಾದರಿಗೆಂದು ಹನ್ನೊಂದು ಸೆಕೆಂಡು ಕೇಳಿಸಿತು. ಯಾರೋ ಗಂಟಲು ಸರಿಮಾಡಿಕೊಂಡರು. ಒಂದು ಗಡಸು ಧ್ವನಿ ಏರಿತು. ಅದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಐದಾರು ಜನ ಅದೇ ಸಾಲನ್ನು ಎತ್ತಿಕೊಂಡರು. ಅಷ್ಟೇ. ನನ್ನ ಸಹಾಯಕರಾದ ನಿಂಗರಾಜ ಬಾಗಲಿಯವರು, ನಿವೃತ್ತಿಗೆ ಎರಡು ವರ್ಷ ಇರುವವರು, ಕೈಯಲ್ಲಿದ್ದ ಕಡತಗಳನ್ನು ನೆಲದ ಮೇಲಿಟ್ಟು ನಿಂತುಬಿಟ್ಟರು.

ಮರುದಿನ ಬೆಳಿಗ್ಗೆ ಅವರು ನೀರು ತುಂಬುತ್ತ ಆ ಸಾಲನ್ನು ಗುನುಗುತ್ತಿದ್ದರು. ಈಚೆ ಮೇಜಿನಲ್ಲಿ ಕೂತಿದ್ದ ನಾನು, ಗೊತ್ತಿಲ್ಲದೆಯೇ, ಮೇಳದವರ ಹಾಗೆ ಅದೇ ಸಾಲನ್ನು ಎತ್ತಿಕೊಂಡೆ. ಇಬ್ಬರೂ ಗಕ್ಕನೆ ನಿಲ್ಲಿಸಿದೆವು.

"ನಿಮಗೂ ಅದಽ ಬಂತೇನ್ರಿ, ಮೇಡಮ್ಮಾರ?" ಎಂದರು.

ಬೇರೊಬ್ಬರ ಬಾಯಲ್ಲಿದ್ದ ಹಾಡು ನನ್ನ ಬಾಯಿಗೆ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು. ನನಗೆ ಐವತ್ತೊಂದು ವರ್ಷ.

ಆದರೆ ಆದೇಶ ಇಂದಿಗೂ ಜಾರಿಯಲ್ಲಿದೆ. ನಮ್ಮ ನಿಯಮದಂತೆ ಹಿಂದೋಲೆ ಬರೆದ ಹತ್ತು ದಿನದೊಳಗೆ ಪೆಟ್ಟಿಗೆಯನ್ನು ಮಾಲೀಕರಿಗೆ ಕೊಡಬೇಕು, ಇಲ್ಲವೇ ಪುಡಿಯಂತ್ರಕ್ಕೆ ಹಾಕಬೇಕು. ಗುರುಶಾಂತಪ್ಪನವರ ವಂಶದಲ್ಲಿ ಯಾರೂ ಸಿಗಲಿಲ್ಲ. ಮೇಲಿನ ಕಚೇರಿಯನ್ನು ಕೇಳಿ ನೋಡೋಣವೆಂದು ಕಾಗದ ತೆಗೆದುಕೊಂಡಾಗ ನಿಂಗರಾಜರು ತಡೆದರು. "ಕಟಗೇರಿ ಸಾಹೇಬ್ರ ಪತ್ರಕ್ಕಽ ಇನ್ನೂ ಉತ್ತರ ಬಂದಿಲ್ರೀ. ನಿಮ್ಮದು ಅದರ ಹಿಂದ ಪಾಳಿ ಹಚ್ಚತೈತಿ."

ಅವರ ಮಾತು ಸರಿ. ಅಧಿಕಾರಿಯಾಗಿ ಆ ಪತ್ರಕ್ಕೆ ಉತ್ತರ ಕೊಡಬೇಕಾದವಳು ಈಗ ನಾನೇ. ಕೊಡುತ್ತೇನೆ: ಹಾಡು ನಾಶಪಡಿಸುವ ಕ್ರಮ ನಮ್ಮಲ್ಲಿ ಇಲ್ಲ.

ಹಾಗಾಗಿ ನಿಮಗೆ ತಿಳಿಸಬೇಕಾದದ್ದು ಇಷ್ಟು. ಈ ತಿಂಗಳ ಹದಿನಾಲ್ಕರಂದು, ಬೆಳಿಗ್ಗೆ ಹತ್ತಕ್ಕೆ, ಕಚೇರಿಯ ಅಂಗಳದಲ್ಲಿ ಊರವರ ಎದುರು ಮುದ್ರೆ ಒಡೆಯುತ್ತೇನೆ. ಮೊದಲು ಇಮಾಮಸಾಬರ ಹೆಸರು ಹೇಳುತ್ತೇನೆ, ಆಮೇಲೆ ಅವುಗಳನ್ನು ರೆಕಾರ್ಡ್ ಮಾಡಿದ ಗುರುಶಾಂತಪ್ಪನವರದು, ಆಮೇಲೆ ನಿಮ್ಮದು. ಹನ್ನೊಂದನ್ನೂ ಪೂರ್ತಿ ಕೇಳಿಸುತ್ತೇನೆ. ಬೇಕೆಂದವರಿಗೆ ಪ್ರತಿ ಕೊಡುತ್ತೇನೆ. ನೋಂದಣಿ ಪುಸ್ತಕದಲ್ಲಿ ಆದೇಶ ಮೀರಿದವರು ಎಂಬಲ್ಲಿ ನನ್ನೊಬ್ಬಳ ಹೆಸರೇ ಇರುತ್ತದೆ. ನಿಂಗರಾಜರು ತಮ್ಮದನ್ನೂ ಸೇರಿಸಿ ಎಂದು ಜಗಳಕ್ಕೆ ನಿಂತಿದ್ದಾರೆ, ನಾನು ಒಪ್ಪಿಲ್ಲ. ಕೆಲಸ ಹೋಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ.

ಕೊರಳುಪಟ್ಟಿ ಕಳಚಿಟ್ಟು ಬರಬೇಕಾಗಿ ಊರವರಿಗೆ ಒಂದು ಸೂಚನೆ ಬರೆದಿದ್ದೇನೆ. ಅದು ಸಹಿಯಾಗಿ ಮೇಜಿನ ಮೇಲಿದೆ. ಹೊರಬಾಗಿಲಿಗೆ ಇನ್ನೂ ಅಂಟಿಸಿಲ್ಲ.