ಮೂರನೇ ಮೆಟ್ಟಿಲ ಹಳದಿ ಗೆರೆ

ಪಂಪ್‌ಹೌಸ್ ಹಿಂದಿನ ಮನೆ,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಚಿಣ್ಣಿ,

ಹೇಗಿದ್ದೀಯಾ? ಹೋದ ಪತ್ರದಲ್ಲಿ ಬರೆದ ಕೆಮ್ಮು ಪೂರ್ತಿ ಹೋಯಿತೋ, ಇಲ್ಲ ಈ ಅತ್ತೆ ಬೈಯುತ್ತಾಳೆಂದು ಈ ಸಲ ಅದರ ಸುದ್ದಿ ಎತ್ತಿಲ್ಲವೋ? ಗಂಟಲಿಗೆ ಏನಾದರೂ ಸುತ್ತಿಕೊಂಡು ಮಲಗು. ನಿನ್ನ ಪ್ರಯೋಗಾಲಯದ ಆ ತಣ್ಣನೆ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲಿಸುವವರಿಗೆ ಮನುಷ್ಯರ ಮೈ ಅನ್ನುವುದೊಂದಿದೆ ಎಂಬ ನೆನಪಾದರೂ ಇದೆಯೋ ಇಲ್ಲವೋ. ನಾನು ಚೆನ್ನಾಗಿದ್ದೇನೆ. ಕನ್ನಡಕ ಬದಲಾಯಿಸಿದೆ. ಆಶ್ಚರ್ಯವೆಂದರೆ ಮಂಡಿನೋವು ಕಡಿಮೆಯಾಗಿದೆ. ಮನೆಯೊಳಗೆ ಇನ್ನೂ ಕಾಡುತ್ತದೆ, ಆದರೆ ಜಲಾಶಯದ ಮೆಟ್ಟಿಲು ಇಳಿಯುವಾಗ ಕಾಲು ನನ್ನದಲ್ಲವೇನೋ ಅನ್ನುವಷ್ಟು ಹಗುರ. ಎರಡು ದಿನದಿಂದ ಶೂ ಒದ್ದೆಯಾಗಿದ್ದು ಒಣಗುತ್ತಿಲ್ಲ, ಅದೊಂದೇ ಕಿರಿಕಿರಿ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಅಪ್ಪ ಮೀನು ಹಿಡಿಯುತ್ತಿದ್ದ ಜಾಗದಲ್ಲಿ ಒಮ್ಮೆ ಗಾಳ ಎಸೆಯಬೇಕು, ಯಾವ ಕೋಲು, ಯಾವ ರೀಲು, ಯಾವ ದಾರ ಕೊಳ್ಳಲಿ ಎಂದು ಕೇಳಿ, ಅಂಗಡಿಯವನು ಬರೆದುಕೊಟ್ಟ ಚೀಟಿಯನ್ನೂ ಜೊತೆಗಿಟ್ಟಿದ್ದೀಯಲ್ಲ, ಅದನ್ನು ಓದಿ ನಾನು ಬೆಚ್ಚಿಬಿದ್ದೆ. ಏಳೂವರೆ ಅಡಿಯ ಬಿರುಸು ಕೋಲು, ನೀರಲ್ಲಿ ಮುಳುಗುವ ಫ್ಲೋರೋಕಾರ್ಬನ್ ದಾರ. ಇವೆರಡನ್ನೂ ನಾನು ಹತ್ತೊಂಬತ್ತು ವರ್ಷಗಳ ಹಿಂದೆ ಓದಿದ್ದೇನೆ. ನಿಮ್ಮಪ್ಪ ಸತ್ತಾಗ ನೀರು ಸರಬರಾಜು ಇಲಾಖೆ ಬರೆದ ವರದಿಯ ನಾಲ್ಕನೇ ಪುಟ, ಮೇಲಿನಿಂದ ಆರನೇ ಸಾಲು. 'ಮೃತರಿಗೆ ಅನುಭವವಿರಲಿಲ್ಲ. ತೇಲುವ ಹುಸಿಮೀನಿಗೆ (ಮೀನಿನಾಕಾರದ ಗಾಳಕ್ಕೆ) ಹೊಂದದ ಏಳೂವರೆ ಅಡಿಯ ಬಿರುಸು ಕೋಲು ಮತ್ತು ಮುಳುಗುವ ದಾರ ಬಳಸಿದ್ದು, ಸಿಕ್ಕಿಕೊಂಡ ಗಾಳವನ್ನು ಬಿಡಿಸಿಕೊಳ್ಳಲು ಬಾಗಿದಾಗ ಕಾಲು ಜಾರಿ ಬಿದ್ದಿರುತ್ತಾರೆ.' ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ನಾನು. ಒಂದು ಪುಟದಲ್ಲಿ ಸುಳ್ಳು ಎಲ್ಲಿ ಕೂತಿದೆ ಅಂತ ಮೂಗಿಗೇ ಗೊತ್ತಾಗುತ್ತದೆ. ಆ ಮನುಷ್ಯ ಹನ್ನೆರಡನೇ ವಯಸ್ಸಿನಿಂದ ಆ ನೀರಿಗೆ ಗಾಳ ಎಸೆದವನು. ಇಲಾಖೆಗೆ ಹದಿನಾಲ್ಕು ಪತ್ರ ಬರೆದೆ. ಎರಡಕ್ಕೆ ಉತ್ತರ ಬಂತು, ಎರಡರಲ್ಲೂ ಒಂದೇ ಮಾತು: ವಿಷಯ ಮುಕ್ತಾಯಗೊಂಡಿದೆ. ಅವರ ಪಾಲಿಗೆ ಮುಗಿದಿರಬಹುದು.

ಆ ಚೀಟಿಯನ್ನು ಹರಿದು ಹಾಕು, ನಾನು ಹೇಳುವುದನ್ನು ಬರೆದುಕೋ. ಕೋಲು ಆರೂವರೆ ಅಡಿ ಸಾಕು. ನಮ್ಮ ಮನೆತನದಲ್ಲಿ ಯಾರೂ ಎತ್ತರವಿಲ್ಲ; ಹುಸಿಮೀನು ಆಡಿಸುವಾಗ ಕೋಲಿನ ತುದಿಯನ್ನು ಕೆಳಕ್ಕೆ ಹಿಡಿದಿರಬೇಕು, ಉದ್ದವಾದರೆ ತುದಿ ನೀರಿಗೆ ಬಡಿಯುತ್ತದೆ. ಬುಡ ಗಟ್ಟಿ, ತುದಿ ಮೆದು. ತುದಿಯೂ ಬಿರುಸಾದರೆ ಮೀನು ಬಾಯಿ ಹಾಕುವ ಹೊತ್ತಿಗೆ ನೀನೇ ಅದರ ಬಾಯಿಂದ ಕಿತ್ತುಕೊಂಡಿರುತ್ತೀ. ರೀಲು ಬೇಗ ಸುತ್ತುವಂಥದಿರಲಿ, ಹಿಡಿ ಒಂದು ಸುತ್ತು ತಿರುಗಿದರೆ ರೀಲು ಏಳು ಸುತ್ತು. ಹುಸಿಮೀನನ್ನು ಆಡಿಸುವುದು ದಾರ ಸಡಿಲ ಬಿಟ್ಟು, ಆದ್ದರಿಂದ ಮೀನು ಹಿಡಿದ ಕೂಡಲೇ ಆ ಸಡಿಲವನ್ನೆಲ್ಲ ಒಳಗೆಳೆಯಬೇಕು. ಇನ್ನು ದಾರ. ತೇಲುವ ನೈಲಾನ್ ದಾರ, ಬೇರೆ ಮಾತೇ ಇಲ್ಲ. ಮುಳುಗುವ ದಾರ ಕಟ್ಟಿದರೆ ಅದು ಹುಸಿಮೀನಿನ ಮೂತಿಯನ್ನು ಕೆಳಕ್ಕೆ ಜಗ್ಗುತ್ತದೆ, ನೀರ ಮೇಲಿನ ನಡಿಗೆ ಕೆಡುತ್ತದೆ. ಆಡಿಸುವ ಲಯ ನಿನಗೆ ನೆನಪಿರಬೇಕು, ಆರು ವರ್ಷದವಳಿದ್ದಾಗ ನೀನು ಬಚ್ಚಲುಮನೆಯ ತೊಟ್ಟಿಯಲ್ಲಿ ಸಾಬೂನಿನ ಡಬ್ಬಿಗೆ ದಾರ ಕಟ್ಟಿ ಆಡಿಸುತ್ತಿದ್ದೆ: ಎರಡು ಎಳೆತ, ಒಂದು ಬಿಡುವು. ನಿಮ್ಮಪ್ಪ ನನಗೆ ನೂರು ಸಲ ಹೇಳಿದ ಇನ್ನೊಂದು ಮಾತು, "ಅಕ್ಕಾ, ಕಂಡಿದ್ದಕ್ಕೆಲ್ಲ ಎಳೀಬೇಡ. ನೀರು ಎದ್ದಿದ್ದು ಕಣ್ಣಿಗೆ ಕಾಣತ್ತೆ, ಕೈಗೆ ಭಾರ ಬಂದಿರಲ್ಲ. ಭಾರ ಬರ್ಲಿ, ಆಮೇಲೆ ಎಳಿ." ಇದನ್ನೆಲ್ಲ ತೆಗೆದುಕೊಂಡು ನೀನು ಇಲ್ಲಿಗೆ ಬಾ. ರಜೆ ಸಿಕ್ಕರೆ ಮುಂದಿನ ವಾರವೇ ಬಾ.

ಇಷ್ಟು ಅವಸರ ಯಾಕೆಂದರೆ, ಹೋದ ವಾರ ಇಲಾಖೆಯ ಹಳೇ ಉಗ್ರಾಣ ಖಾಲಿ ಮಾಡಿಸಿದರು. ನಿಮ್ಮ ತಮ್ಮನ ವಸ್ತುಗಳಿವೆ, ಬಂದು ಒಯ್ಯಿರಿ ಎಂದು ನನಗೆ ಹೇಳಿ ಕಳಿಸಿದರು. ಹತ್ತೊಂಬತ್ತು ವರ್ಷ ನನ್ನ ಪತ್ರಗಳ ಮೇಲೆ ಕೂತಿದ್ದವರಿಗೆ ಗೋಡೆಗೆ ಸುಣ್ಣ ಬಳಿಯಬೇಕಾದಾಗ ನನ್ನ ನೆನಪಾಯಿತು. ಗುಮಾಸ್ತ ಗೋಣಿ ಸುತ್ತಿದ ಒಂದು ಕಟ್ಟನ್ನು ಮೇಜಿನ ಮೇಲೆ ಉರುಳಿಸಿದ. ಬಿಚ್ಚಿ ನೋಡಿದರೆ ಏಳೂವರೆ ಅಡಿಯ ಹೊಚ್ಚ ಹೊಸ ಕೋಲು, ಹಿಡಿಯ ಮೇಲಿನ ಅಂಗಡಿಯ ಹಾಳೆ ಕೂಡ ಕಿತ್ತಿಲ್ಲ. ನಿಮ್ಮಪ್ಪನ ಕೋಲಿನ ಹಿಡಿಗೆ ಹಸಿರು ನೂಲು ಸುತ್ತಿತ್ತು. ಸುತ್ತಿದವಳು ನಾನೇ, ಅಚ್ಚುಕೂಟದ ಪುಸ್ತಕ ಹೊಲಿಯುವ ನೂಲಿನಿಂದ. ಇದು ಅವನದಲ್ಲ ಎಂದೆ. "ಕೋಲು ಕೋಲೇ ಅಲ್ವಾ ಮೇಡಂ, ಸಹಿ ಮಾಡಿ ತಗೊಂಡ್ಹೋಗಿ," ಅಂದ. ಅಂದರೆ ಅರ್ಥವಾಯಿತೇ? ಅವನ ಕೋಲು ಸಿಕ್ಕಿರಲೇ ಇಲ್ಲ. ವರದಿಗೆ ಒಂದು ಕೋಲು ಬೇಕಿತ್ತು, ಯಾರೋ ಅಂಗಡಿಗೆ ಹೋಗಿ ತಂದಿದ್ದಾರೆ. ತಂದದ್ದು ತಪ್ಪು ಕೋಲು. ಆ ತಪ್ಪನ್ನು ಸತ್ತವನ ತಲೆಗೆ ಕಟ್ಟಿದ್ದಾರೆ. ನಾನು ಸಹಿ ಮಾಡಲಿಲ್ಲ. ಅವನ ಕೋಲು ಇನ್ನೂ ಆ ನೀರಿನಲ್ಲೇ ಇದೆ.

ಅಲ್ಲಿಂದ ನೇರ ಪೇಟೆಗೆ ಹೋಗಿ ಆರೂವರೆ ಅಡಿಯ ಕೋಲು, ರೀಲು, ಒಂದು ಉರುಳೆ ನೈಲಾನ್ ದಾರ ಕೊಂಡೆ. ಮನೆಯಲ್ಲಿ ಅವನ ಹಳೇ ಹುಸಿಮೀನುಗಳ ಪೆಟ್ಟಿಗೆ ಇತ್ತಲ್ಲ, ಅದರಲ್ಲಿ ಕೆಂಪು ತಲೆಯದನ್ನು ಆರಿಸಿದೆ. ಪಕ್ಕದ ಮನೆಯ ಹೊಲಿಗೆಯವಳು ಗೇಟಿನ ಹತ್ತಿರ ನಿಂತು, "ಏನಕ್ಕಾ, ಈ ವಯಸ್ಸಲ್ಲಿ ಮೀನು ಹಿಡಿಯೋಕೆ ಹೊರಟ್ರಾ? ನಾಳೆ ಸರ್ಕಸ್ಸಿಗೆ ಸೇರ್ತೀರಾ?" ಎಂದು ನಕ್ಕಳು. ನಕ್ಕರೆ ನಗಲಿ. ಸಂಜೆ ಐದೂವರೆಗೆ ಪಂಪ್ ನಿಲ್ಲಿಸುತ್ತಾರೆ, ನೀರು ಕನ್ನಡಿಯ ಹಾಗೆ ಆಗುತ್ತದೆ. ಮೆಟ್ಟಿಲ ಮೇಲೆ ನಿಂತು ಎಸೆದೆ. ಎರಡು ಎಳೆತ, ಒಂದು ಬಿಡುವು. ಮೂರನೇ ಬಿಡುವಿನಲ್ಲಿ ಹುಸಿಮೀನಿನ ಸುತ್ತ ಒಂದು ಬಳೆ ಎದ್ದಿತು, ಸದ್ದಿಲ್ಲದೆ. ಎಳೆಯಲಿಲ್ಲ. ಭಾರ ಬರಲಿ ಎಂದು ಕಾದೆ. ಭಾರ ಬಂತು. ಆದರೆ ಮೀನಿನ ಹಾಗೆ ಓಡಲಿಲ್ಲ, ತಲೆ ಕೊಡವಲಿಲ್ಲ. ದಾರದ ಆ ಕಡೆಯಿಂದ ನನ್ನ ಕೈಗೆ ಎರಡು ಸಣ್ಣ ಎಳೆತ ಬಂದವು. ಆಮೇಲೆ ಒಂದು ಬಿಡುವು. ಮತ್ತೆ ಎರಡು ಎಳೆತ.

ಕೈಕಾಲು ತಣ್ಣಗಾದವು ಎಂದು ಬರೆದರೆ ಸುಳ್ಳಾಗುತ್ತದೆ. ಬೆಚ್ಚಗಾಯಿತು. ಒಂದು ಗಳಿಗೆ ಹಾಗೇ ಇದ್ದು, ಹುಸಿಮೀನು ತಾನಾಗಿ ಬಿಟ್ಟುಕೊಂಡು ಬಂತು, ಒಂದು ಹಲ್ಲಿನ ಗುರುತೂ ಇರಲಿಲ್ಲ. ಮರುದಿನ ಮತ್ತೆ ಹೋದೆ, ಮತ್ತೆ ಅದೇ. ನಿನ್ನೆಗೆ ಒಂಬತ್ತು ಸಂಜೆ. ಹಳೇ ಚಾಳಿ, ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ: ವೇಳೆ ಎಷ್ಟು, ಎಳೆತ ಎಷ್ಟು, ನಾನು ನಿಂತದ್ದು ಎಲ್ಲಿ. ಹದಿನೈದನೇ ಪತ್ರಕ್ಕೆ ಬೇಕಾಗುತ್ತದೆ. ಆದರೆ ಒಬ್ಬ ಮುದುಕಿಯ ಟಿಪ್ಪಣಿಯನ್ನು ಇಲಾಖೆಯವರು ನಂಬುವುದುಂಟೇ? ನೀನು ಅಳತೆ, ಪರೀಕ್ಷೆ ಬಲ್ಲವಳು, ನಿನ್ನ ಮಾತಿಗೆ ತೂಕವಿದೆ. ಅವನಿಗೆ ಕೋಲು ಹಿಡಿಯಲು ಬರುತ್ತಿರಲಿಲ್ಲ ಎಂದು ಬರೆದವರ ಬಾಯಿ ಮುಚ್ಚಿಸಬೇಕು. ಅದಕ್ಕೇ ಹೇಳುತ್ತಿದ್ದೇನೆ, ಬಾ. ನಿನ್ನ ಕೈಗೂ ಆ ಭಾರ ಬರಲಿ, ಬಾ.

ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ. ಕಿಟಕಿಯ ಚಿಲಕ ಸರಿ ಮಾಡಿಸಿದೆ, ಈಗ ಅಲ್ಲಿಂದ ನೀರು ಪೂರ್ತಿ ಕಾಣುತ್ತದೆ. ನಿನ್ನೆ ಸಂಜೆ ಎಳೆತ ಸ್ವಲ್ಪ ಜೋರಾಗಿತ್ತು, ಯಾರನ್ನೋ ಕೇಳಿದ ಹಾಗೆ. ನಿನ್ನ ಹೆಸರನ್ನು ಗಟ್ಟಿಯಾಗಿ ಹೇಳಿದೆ. ಆಗ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ನಾನೇ ಉಸಿರು ಬಿಡುವುದನ್ನು ಮರೆತಿದ್ದೆ. ಯೋಚನೆ ಮಾಡುತ್ತಾ ಕೂರಬೇಡ, ಬಾ. ಮನೆ ಹತ್ತಿರವಾದ ಮೇಲೆ ನೇರ ಮೆಟ್ಟಿಲಿಗೇ ಬಾ.

ನಿನ್ನ ಆರೋಗ್ಯ ಗಟ್ಟಿಯಾಗಿರಲಿ, ಕೆಲಸ ಕೈಗೂಡಲಿ, ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ತಲೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ನಿನ್ನ ಒಳಿತನ್ನೇ ಬಯಸುವ,
ಅತ್ತೆ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ, ಅಂಚೆಗೆ ಹೋಗಲು ಶೂ ಹಾಕಿಕೊಂಡೆ. ಹಿಮ್ಮಡಿಯ ಮೇಲಿನವರೆಗೆ ಒದ್ದೆ. ಮಳೆಯಿಲ್ಲ, ಹನಿಯೂ ಬಿದ್ದಿಲ್ಲ. ಟಿಪ್ಪಣಿ ಪುಸ್ತಕ ತೆಗೆದು 'ನಿಂತದ್ದು ಎಲ್ಲಿ' ಎಂಬ ಸಾಲುಗಳನ್ನು ಮೊದಲ ಸಲ ಒಟ್ಟಿಗೆ ಓದಿದೆ. ಮೊದಲ ದಿನ ಮೇಲಿನ ಮೆಟ್ಟಿಲು. ಎರಡನೇ ದಿನ ಎರಡನೆಯದು. ಮೂರನೇ ದಿನ ಮೂರನೆಯದು. ಹೀಗೇ ಒಂಬತ್ತರವರೆಗೆ, ಎಲ್ಲ ನನ್ನದೇ ಅಕ್ಷರ. ನೀರಿನ ಮೇಲಿರುವುದು ಎಂಟೇ ಮೆಟ್ಟಿಲು, ಚಿಣ್ಣಿ. ಇಳಿದದ್ದು ಒಂದು ದಿನವೂ ನನಗೆ ಗೊತ್ತಾಗಿಲ್ಲ. ಎರಡು ಎಳೆತ, ಒಂದು ಬಿಡುವು: ಅದು ಸಿಕ್ಕಿಬಿದ್ದ ಮೀನು ಎಳೆಯುವ ರೀತಿಯಲ್ಲ, ಹುಸಿಮೀನನ್ನು ಆಡಿಸುವವರು ಎಳೆಯುವ ರೀತಿ. ಒಂಬತ್ತು ಸಂಜೆ ಕೋಲು ನನ್ನ ಕೈಯಲ್ಲಿದೆ ಎಂದುಕೊಂಡಿದ್ದೆ.

ಅದು ನಿಮ್ಮಪ್ಪನಲ್ಲ. ನೀನು ದಾಟಬಾರದೆಂದು ಮೂರನೇ ಮೆಟ್ಟಿಲಿಗೆ ಹಳದಿ ಬಣ್ಣದ ಗೆರೆ ಎಳೆದವನು ಅವನು. "ಇದರಾಚೆ ಅಪ್ಪ ಕರೆದ್ರೂ ಬರ್ಬೇಡ" ಎಂದು ನಿನ್ನಿಂದ ಮೂರು ಸಲ ಹೇಳಿಸಿದ್ದ. ಇಲಾಖೆಯ ವರದಿಯಲ್ಲಿ ಇನ್ನೊಂದು ತಪ್ಪಿದೆ, ಇಷ್ಟು ವರ್ಷ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಜಾರಿ ಬೀಳಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದ.

ಈ ಪತ್ರವನ್ನು ಕರಡು ಓದುವ ಹಾಗೆ ಮತ್ತೊಮ್ಮೆ ಓದಿದೆ. ಬಾ ಎಂದು ಎರಡು ಸಲ, ಆಮೇಲೆ ಬಿಡುವು. ಮೂರು ಕಡೆ ಹಾಗೇ ಇದೆ. ಹಾಗೆ ಬರೆಯಬೇಕೆಂದು ನಾನು ಬರೆಯಲಿಲ್ಲ. ಹೊಡೆದುಹಾಕಿಲ್ಲ, ನೀನು ನೋಡಲಿ ಎಂದು ಬಿಟ್ಟಿದ್ದೇನೆ. ನೀನು ಬರಬೇಡ. ಯಾವ ಕೋಲೂ ಕೊಳ್ಳಬೇಡ. ಇನ್ನು ಮುಂದೆ ನನ್ನದೇ ಅಕ್ಷರದಲ್ಲಿ, ನಿನ್ನನ್ನು ಕರೆಯುವ ಪತ್ರ ಬಂದರೂ, ಕಂಡದ್ದಕ್ಕೆ ಎಳೆಯಬೇಡ.

ಅಂಚೆ ಡಬ್ಬ ಇರುವುದು ಜಲಾಶಯದ ದಾರಿಯಲ್ಲಿ. ಗಂಟೆ ಐದಾಗಿದೆ. ಲಕೋಟೆಯನ್ನೂ ಮುಂಬಾಗಿಲ ಬೀಗದ ಕೈಯನ್ನೂ ಹೊಲಿಗೆಯವಳಿಗೆ ಕಿಟಕಿಯಿಂದ ಕೊಡುತ್ತಿದ್ದೇನೆ. ಹೊರಗಿನಿಂದ ಬೀಗ ಹಾಕಿ, ನಾನು ಎಷ್ಟು ಕೇಳಿದರೂ ನಾಳೆ ಬೆಳಿಗ್ಗೆಯವರೆಗೆ ತೆಗೆಯಬೇಡ ಎಂದು ಹೇಳಿದ್ದೇನೆ. ಈ ಸಲ ಅವಳು ನಗಲಿಲ್ಲ. ಮಂಡಿಯ ನೋವು, ನೋಡು, ಈಗಷ್ಟೇ ನಿಂತಿತು.