ಅಜ್ಜಿ ಮುಟ್ಟಿದಾಗ ನಿಂತ ಒದ್ದಾಟ

ಘನತೆವೆತ್ತ, ಸೇಬಿನ ಕಡುಬಿನ ಮಹಾರಾಣಿ ಟ್ಯಾಬಿತಾ ಅಜ್ಜಿಗೆ,

ಪಕ್ಕದ ಮನೆಯ ಕಿಡಿಗೇಡಿ ಮೆಹಿಟಬೆಲ್ ಬಿನ್ನವಿಸಿಕೊಳ್ಳುವುದೇನೆಂದರೆ, ನೀವಿರುವ ಬಾಸ್ಟನ್ನಿನ ಸೆರೆಮನೆಗೆ ಈ ಪತ್ರ ಒಯ್ಯುವವರಿಲ್ಲ, ನಿಮಗೆ ಓದಲೂ ಬಾರದು. ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಪಾದ್ರಿಗಳ ಪ್ರವಚನ ಮೂರನೆಯ ಗಂಟೆಗೆ ಕಾಲಿಟ್ಟಾಗ ನಾನು ನೆಲಕ್ಕೆ ಬಿದ್ದು ಒದ್ದಾಡಿದ್ದು ಹೊರಗೆ ಹೋಗುವ ಆಸೆಗಷ್ಟೇ. ಊರಿನವರು ಅದನ್ನು ಮಾಟ ಎಂದರು. ನಿಮ್ಮ ಹಂದಿ ತೋಟಕ್ಕೆ ನುಗ್ಗಿದ ಜಗಳದಿಂದ ನಿಮ್ಮ ಮೇಲೆ ಹಲ್ಲು ಮಸೆಯುತ್ತಿದ್ದವರು ನಿಮ್ಮ ಹೆಸರು ಹೇಳಿದರು.

ಇವತ್ತು ನ್ಯಾಯಾಧೀಶರ ಮುಂದೆ ಅಷ್ಟೊಂದು ಜನರನ್ನು ಕಂಡು ಹೆದರಿ ಮತ್ತೆ ಒದ್ದಾಡಿದೆ. ನಿಮ್ಮನ್ನು ಎಳೆತಂದು, ನನ್ನ ಹಣೆ ಮುಟ್ಟಲು ಹೇಳಿದರು. ನೀವು ಬಗ್ಗಿ ಕಿವಿಯಲ್ಲಿ ಅಂದಿರಿ: "ಸಾಕು ಏಳೇ ಕಳ್ಳಿ, ಹೊಸ ಲಂಗ ಹಾಳಾಗುತ್ತೆ. ನಿಮ್ಮಮ್ಮ ಸುಮ್ನೆ ಬಿಡ್ತಾಳಾ?"

ನನ್ನದು ಬರೀ ಆಟವೆಂದು ನಿಮಗೆ ಮೊದಲೇ ಗೊತ್ತಿತ್ತು. ಆಟ ನಿಲ್ಲಿಸಿದರೆ ನಿಮ್ಮನ್ನು ಬಿಟ್ಟಾರೆಂದು ಥಟ್ಟನೆ ಸುಮ್ಮನಾದೆ.

"ನೋಡಿದ್ರಾ, ಮುಟ್ಟಿದ ಕೂಡ್ಲೇ ನಿಂತೋಯ್ತು! ಹಾಕಿದ ಮಾಟ ಅವಳ ಕೈಗೇ ವಾಪಸ್ ಹೋಯ್ತು!" ಎಂದು ನ್ಯಾಯಾಧೀಶರು ಎದ್ದೇಬಿಟ್ಟರು.

"ಇಲ್ಲ ಸ್ವಾಮಿ, ನಾನೇ ನಾಟಕ ಆಡಿದ್ದು!" ಎಂದು ಕೂಗಿದೆ.

"ಅಯ್ಯೋ ಪಾಪ, ಈಗ ಮುದುಕಿ ಇವಳ ನಾಲಿಗೇನೂ ಹಿಡ್ಕೊಂಡಿದಾಳೆ," ಎಂದರು ಪಾದ್ರಿಗಳು.

ಲಂಗ ಚೆನ್ನಾಗಿದೆ ಅಜ್ಜಿ, ಒಂದು ಕಲೆಯೂ ಆಗಿಲ್ಲ. ಶುಕ್ರವಾರ ನಿಮ್ಮನ್ನು ಗಲ್ಲಿಗೇರಿಸುತ್ತಾರಂತೆ. ಅಪ್ಪ ನನ್ನನ್ನು ಕೋಣೆಯಲ್ಲಿ ಕೂಡಿಹಾಕಿದ್ದಾರೆ. ನಿಜ ಹೇಳಲು ಬಿಡಿ ಎಂದು ಬಾಗಿಲು ಬಡಿದು ಬಡಿದು ಕೈ ಊದಿಕೊಂಡಿದೆ. ಆಚೆ ಅಮ್ಮ ಅಳುತ್ತಾ ಅಪ್ಪನಿಗೆ ಹೇಳುತ್ತಿದ್ದಾಳೆ:

"ಕೇಳಿಸ್ತೇನ್ರೀ? ಮತ್ತೆ ಶುರುವಾಯ್ತು."